ಹಿಮದ ನಾಡಿನಲ್ಲಿ ಟೊಮ್ಯಾಟೊ ಸಸಿ

ಅಮೆರಿಕದ ವರ್ಮಾಂಟ್ ರಾಜ್ಯದ ಊರುಗಳಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ವಾರ್ಷಿಕ ಸಭೆ. ಊರಿನ ಖರ್ಚುವೆಚ್ಚಕ್ಕೆ ಜನ ಮತ ಹಾಕುವ ದಿನ ಅದು. ಹಳೆಯ ರೂಢಿಯಂತೆ ಟೊಮ್ಯಾಟೊ ಬೀಜ ಬಿತ್ತುವ ದಿನವೂ ಅದೇ. ಹೊರಗೆ ಹಿಮ ಬಿದ್ದಿದ್ದರೂ ಸರಿ, ಒಳಗೆ ಕಿಟಕಿಯ ಪಕ್ಕದಲ್ಲಿ ಸಸಿಯ ತಟ್ಟೆ ಸಿದ್ಧ.

ಅಲ್ಲಿ ಬಹಳ ಕಡೆ ಮೇ ತಿಂಗಳಲ್ಲೂ ಇಬ್ಬನಿ ಹೆಪ್ಪುಗಟ್ಟುತ್ತದೆ. ನೇರ ಹೊಲಕ್ಕೆ ಬಿತ್ತಿದರೆ ಕಾಯಿ ಕೆಂಪಾಗುವ ಮೊದಲೇ ಬೇಸಿಗೆ ಮುಗಿದಿರುತ್ತದೆ.

ಮಣ್ಣು 21ರಿಂದ 27 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಸುಮಾರು ಒಂದು ವಾರದಲ್ಲಿ ಮೊಳಕೆ ತಲೆ ಎತ್ತುತ್ತದೆ. ನಿಜವಾದ ಫಜೀತಿ ಆಮೇಲೆ. ಕಿಟಕಿಯ ಬೆಳಕು ಸಾಲದೆ ಸಸಿ ದಾರದಂತೆ ಸಣಕಲಾಗಿ ಗಾಜಿನತ್ತ ಬಾಗುತ್ತದೆ. ಹಾಗಾಗಿ ಎಲೆಗಳಿಗೆ ನಾಲ್ಕು ಬೆರಳು ಮೇಲೆ ಟ್ಯೂಬ್‌ಲೈಟ್ ಕಟ್ಟಿ ದಿನಕ್ಕೆ 14ರಿಂದ 16 ಗಂಟೆ ಉರಿಸುತ್ತಾರೆ. ಅಕ್ಕರೆ ಹೆಚ್ಚಾಗಿ ನೀರು ಸುರಿದರೂ ಕೇಡೇ. ಸಂಜೆ ನೆಟ್ಟಗಿದ್ದ ಸಸಿ ಬೆಳಗಾಗುವಷ್ಟರಲ್ಲಿ ಬುಡ ಕೊಳೆತು ಒರಗಿರುತ್ತದೆ. ಒರಗಿದ್ದನ್ನು ಉಳಿಸುವ ಮದ್ದಿಲ್ಲ. ತಟ್ಟೆಯ ಅಡಿಯಿಂದ ನೀರುಣಿಸಿ, ಸಣ್ಣ ಫ್ಯಾನ್ ಇಟ್ಟು ಗಾಳಿಯಾಡಿಸುವುದೇ ಜಾಣತನ.

ಮೆಣಸಿನಕಾಯಿ ಇನ್ನೂ ನಿಧಾನಿ, ಟೊಮ್ಯಾಟೊಗಿಂತ ಮೊದಲೇ ಬಿತ್ತಬೇಕು. ಸೌತೆ, ಕುಂಬಳಕ್ಕೆ ಅವಸರ ಬೇಡ. ಬೇರು ಕದಲಿದರೆ ಮುನಿಯುವ ಜಾತಿ ಅವು. ನಾಟಿಗೆ ಮೂರು ನಾಲ್ಕು ವಾರ ಮುಂಚೆ ಬಿತ್ತಿದರೆ ಸಾಕು.

ಮೇ ತಿಂಗಳಲ್ಲಿ ಸಸಿಗಳನ್ನು ಮೊದಲು ಒಂದೆರಡು ಗಂಟೆ ನೆರಳಲ್ಲಿ, ಆಮೇಲೆ ಬಿಸಿಲಲ್ಲಿ ಇಟ್ಟು, ವಾರ ಹತ್ತು ದಿನ ಹೊರಗಿನ ಹವೆಗೆ ಒಗ್ಗಿಸುತ್ತಾರೆ. ಅಷ್ಟು ತಾಳ್ಮೆ ಇಲ್ಲದವರ ಮನೆಯಲ್ಲಿ ಎಲೆ ಒಂದೇ ದಿನಕ್ಕೆ ಬಿಳಿಚಿಕೊಳ್ಳುತ್ತದೆ. ಮೇ ಕೊನೆಯ ಸೋಮವಾರ ಮೆಮೋರಿಯಲ್ ಡೇ ರಜೆ. ಬಹಳ ಮಂದಿ ನಾಟಿಗೆ ಇಳಿಯುವುದು ಆ ಹೊತ್ತಿಗೇ. ಆದರೂ ಅನುಭವಸ್ಥರು ರಾತ್ರಿ ಹೊದಿಸಲು ಹಳೆಯ ದುಪ್ಪಟಿಗಳನ್ನು ಕೈಗೆಟುಕುವಲ್ಲೇ ಇಟ್ಟುಕೊಂಡಿರುತ್ತಾರೆ.