ಗಾಲಿಯ ಮೇಲಣ ಸಂಸಾರ

ಕೂಳೂರಿನಲ್ಲಿ ಫಲ್ಗುಣಿ ನದಿಯ ಸೇತುವೆಯನ್ನು ದಾಟುವಾಗ, ಪಣಂಬೂರಿನ ಕಡೆಯಿಂದ ಬರುವ ಉದ್ದನೆಯ ಟ್ರೈಲರನ್ನು ಕಂಡು ಬೇಸರಪಡದ ನಗರವಾಸಿಗಳು ವಿರಳ. ನಾವೂ ಆ ಗುಂಪಿನವರೇ. ಆದರೆ 1975ರಲ್ಲಿ ಉದ್ಘಾಟನೆಗೊಂಡ ನವಮಂಗಳೂರು ಬಂದರಿನ ಸರಕು ಘಟ್ಟವನ್ನೇರಬೇಕಲ್ಲವೆ?

ಆ ವಾಹನವು ಚಾಲಕನಿಗೂ ಕ್ಲೀನರನಿಗೂ ವಾಸದ ಮನೆ. ಆಸನದ ಹಿಂದಣ ಹಲಗೆಯೇ ಶಯ್ಯೆ; ಒಂದು ಒಲೆ, ನೀರಿನ ಕ್ಯಾನು, ಎರಡು ಪಾತ್ರೆ, ಇಷ್ಟೇ ಸಂಸಾರ. ಬಂದರಿನ ಸರತಿ ಮುಂದೆ ಸಾಗದಿದ್ದರೆ ಟ್ರೈಲರಿನ ನೆರಳಿನಲ್ಲಿಯೇ ಅಡಿಗೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯ ಮಣ್ಣು ಕುಸಿದರಂತೂ ರಸ್ತೆಯಂಚಿನ ಬೀಡು ಎಷ್ಟು ದಿನವೋ ಹೇಳುವವರಿಲ್ಲ.

ಇದನ್ನು ಎಳೆಯುವ ವಿದ್ಯೆಯಲ್ಲಿ ನಾವು ಅವಶ್ಯವಾಗಿ ತಿಳಿಯತಕ್ಕ ಮಾತೊಂದುಂಟು. ತಿರುವಿನಲ್ಲಿ ಹಿಂದಿನ ಗಾಲಿಗಳು ಮುಂದಿನವುಗಳ ಜಾಡಿನಲ್ಲಿ ನಡೆಯುವುದಿಲ್ಲ, ಒಳಮಗ್ಗುಲಿಗೆ ಸರಿಯುತ್ತವೆ. ಗಾಡಿಯು ಉದ್ದವಾದಷ್ಟೂ ಹೆಚ್ಚು ಸರಿಯುತ್ತವೆ. ಆದುದರಿಂದ ಪಂಪ್‌ವೆಲ್ಲಿನಲ್ಲಿ ಬೆಂಗಳೂರಿನ ಕಡೆಗೆ ಎಡಕ್ಕೆ ಹೊರಳತಕ್ಕ ಚಾಲಕನು ಮೊದಲು ಬಲಕ್ಕೆ ಸರಿದುಕೊಳ್ಳುತ್ತಾನೆ. ಎಡಗಡೆ ತೆರವಾದ ಜಾಗವನ್ನು ಕಂಡು, ತನಗೇ ದಾರಿ ಬಿಟ್ಟನೆಂದು ಬಗೆದು ಸ್ಕೂಟರನ್ನು ನುಗ್ಗಿಸುವವರುಂಟು. ಅದು ಸೌಜನ್ಯವಲ್ಲ, ಹಿಂದಿನ ಗಾಲಿಗಳು ಹಾಯತಕ್ಕ ಹಾದಿ. ಕ್ಯಾಬಿನಿನ ಎಡಮಗ್ಗುಲಿಗೆ ಅಂಟಿಕೊಂಡು ಬರುವವನು ಚಾಲಕನ ಕಣ್ಣಿಗೆ ಬೀಳುವುದೂ ದುರ್ಲಭ.

ಒಮ್ಮೆ ನಾವೂ ಹಾಗೆಯೇ ನುಗ್ಗಿದೆವು, ಕಚೇರಿಗೆ ಹೊತ್ತಾಯಿತೆಂಬ ಆತುರದಲ್ಲಿ. ಕ್ಲೀನರನು ಕಿಟಕಿಯಿಂದ ತೋಳು ಚಾಚಿ, ಬಾಗಿಲನ್ನು ಬಡಿಬಡಿದು ಕೂಗಿಕೊಂಡನು. ಬೈಗುಳವೆಂದೇ ತಿಳಿದು, ಉತ್ತರ ಕೊಡುವುದಕ್ಕಾಗಿ ನಿಂತೆವು. ಹಿಂದಿನ ಗಾಲಿಗಳು ನಮ್ಮ ಮುಂದೆ ಮೊಳದಷ್ಟು ದೂರದಲ್ಲಿ ಹಾದುಹೋದವು.