ಬೇಡಿಕೆ ಅಲ್ಲ, ಹಕ್ಕು: ಜನವರಿ 26ರ ಹಿಂದಿನ ಕತೆ

(ಗಣರಾಜ್ಯೋತ್ಸವದ ಪ್ರಯುಕ್ತ ದಮ್ಮಾಮ್‌ನಲ್ಲಿ ಸೇರಿದ್ದ ಕುಟುಂಬ ಸಮ್ಮಿಲನದಲ್ಲಿ ಆಡಿದ ಮಾತುಗಳ ಬರಹರೂಪ)



ಈಗಷ್ಟೇ ಚಿತ್ರ ಬಿಡಿಸುವ ಸ್ಪರ್ಧೆಯಲ್ಲಿ ಕೂತಿದ್ದ ಒಬ್ಬ ಹುಡುಗ ನಮ್ಮನ್ನು ಕೇಳಿದ: "ಅಂಕಲ್, ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಸಿಕ್ಕಿತಲ್ಲ, ಮತ್ತೆ ಜನವರಿ 26 ಯಾಕೆ?" ಸಂವಿಧಾನ ಬಂದ ದಿನ ಅಂತ ನಮ್ಮಲ್ಲೊಬ್ಬರು ಹೇಳಿದರು. "ಅದೇ ದಿನ ಯಾಕೆ ಬಂತು?" ಅಂತ ಅವನ ಮರುಪ್ರಶ್ನೆ. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಆ ಹುಡುಗನಿಗೆ ಉತ್ತರ ಕೊಡುವುದೇ ಇವತ್ತಿನ ನಮ್ಮ ಭಾಷಣ.

ಸಂವಿಧಾನಕ್ಕೆ ಸಭೆಯ ಒಪ್ಪಿಗೆ ಸಿಕ್ಕಿದ್ದು 1949ರ ನವೆಂಬರ್ 26ಕ್ಕೆ. ಪೂರ್ತಿಯಾಗಿ ಜಾರಿ ಮಾಡಲು ಎರಡು ತಿಂಗಳು ಕಾದರು. ಯಾಕೆಂದರೆ ಜನವರಿ 26 ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಭಾರತೀಯರ ಸ್ವಾತಂತ್ರ್ಯ ದಿನವಾಗಿತ್ತು. ಬ್ರಿಟಿಷರು ಕೊಟ್ಟ ಸ್ವಾತಂತ್ರ್ಯವಲ್ಲ, ಜನರು ತಾವೇ ಸಾರಿಕೊಂಡ ಸ್ವಾತಂತ್ರ್ಯ.

1929ರ ಡಿಸೆಂಬರ್‌ನಲ್ಲಿ ಲಾಹೋರಿನಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಜವಾಹರಲಾಲ್ ನೆಹರೂ ಅಧ್ಯಕ್ಷರು. ಅದರ ಹಿಂದಿನ ವರ್ಷ ಬಂದಿದ್ದ ನೆಹರೂ ವರದಿ ಕೇಳಿದ್ದು ಡೊಮಿನಿಯನ್ ಸ್ಥಾನವನ್ನು ಮಾತ್ರ. ಅಂದರೆ ಬ್ರಿಟಿಷ್ ದೊರೆಯ ಕೆಳಗೇ ಇದ್ದು ಆಡಳಿತವನ್ನು ನಮ್ಮ ಕೈಗೆ ಪಡೆಯುವುದು. ಅದನ್ನು ಒಪ್ಪಿಕೊಳ್ಳಲು ಸರಕಾರಕ್ಕೆ ಒಂದು ವರ್ಷ ಗಡುವು ಕೊಟ್ಟರು. ಗಡುವು ದಾಟಿತು, ಒಪ್ಪಿಗೆ ಬರಲಿಲ್ಲ. ಡಿಸೆಂಬರ್ 31ರ ನಡುರಾತ್ರಿ ರಾವಿ ನದಿಯ ದಡದಲ್ಲಿ ತ್ರಿವರ್ಣ ಧ್ವಜ ಏರಿತು. ಗುರಿ ಇನ್ನು ಪೂರ್ಣ ಸ್ವರಾಜ್ಯ ಎಂದು ತೀರ್ಮಾನವಾಯಿತು. 1930ರ ಜನವರಿ 26ರಂದು ಪಟ್ಟಣಗಳಲ್ಲಿ, ಹಳ್ಳಿಗಳಲ್ಲಿ ಜನ ಸೇರಿ ಪ್ರತಿಜ್ಞೆ ಮಾಡಿದರು.

ಈ ಮಾತನ್ನು ಮೊದಲೇ ಹೇಳಿ ಸೋತವರನ್ನೂ ನೆನೆಯಬೇಕು. 1921ರ ಅಹಮದಾಬಾದ್ ಅಧಿವೇಶನದಲ್ಲೇ ಮೌಲಾನಾ ಹಸ್ರತ್ ಮೊಹಾನಿ ಎದ್ದು ನಿಂತು ಪೂರ್ಣ ಸ್ವಾತಂತ್ರ್ಯವೇ ಗುರಿಯಾಗಲಿ ಎಂದು ನಿರ್ಣಯ ಮಂಡಿಸಿದರು. ಗಾಂಧೀಜಿಯೇ ವಿರೋಧಿಸಿದರು, ನಿರ್ಣಯ ಬಿದ್ದುಹೋಯಿತು. ಎಂಟು ವರ್ಷದ ನಂತರ ಇಡೀ ಕಾಂಗ್ರೆಸ್ ಅದೇ ಜಾಗಕ್ಕೆ ಬಂದು ನಿಂತಿತು. 'ಇಂಕ್ವಿಲಾಬ್ ಜಿಂದಾಬಾದ್' ಎಂಬ ಘೋಷಣೆ ಕೊಟ್ಟವರೂ ಇದೇ ಮೊಹಾನಿ. ಮುಂದೆ ಅವರು ಸಂವಿಧಾನ ಸಭೆಯ ಸದಸ್ಯರೂ ಆದರು.

ಈ ಕತೆಗೆ ನಾವು ಇವತ್ತು ದುಡಿಯುತ್ತಿರುವ ನೆಲದ ನಂಟೂ ಉಂಟು. ದೇವಬಂದ್‌ನ ಮೌಲಾನಾ ಮಹಮೂದ್ ಹಸನ್ ಬ್ರಿಟಿಷರ ವಿರುದ್ಧ ಕೆಲಸ ಮಾಡುತ್ತಾ ಹಿಜಾಝ್‌ಗೆ ಬಂದವರು. ಆಗ ಇಲ್ಲಿ ಬೇರೆ ಆಡಳಿತ. 1916ರಲ್ಲಿ ಅವರನ್ನು ಹಿಡಿದು ಬ್ರಿಟಿಷರಿಗೆ ಒಪ್ಪಿಸಿದರು. 1920ರವರೆಗೆ ದೂರದ ಮಾಲ್ಟಾ ದ್ವೀಪದಲ್ಲಿ ಅವರು ಸೆರೆಯಾಳು. ಅವರ ಶಿಷ್ಯ ಉಬೈದುಲ್ಲಾ ಸಿಂಧಿ 1915ರಲ್ಲಿ ಕಾಬೂಲಿನಲ್ಲಿ ರಾಜಾ ಮಹೇಂದ್ರ ಪ್ರತಾಪರು ಸಾರಿದ ತಾತ್ಕಾಲಿಕ ಭಾರತ ಸರಕಾರದಲ್ಲಿ ಮಂತ್ರಿಯಾಗಿದ್ದವರು. ಮುಂದೆ ವರ್ಷಗಟ್ಟಲೆ ಮಕ್ಕಾದಲ್ಲೇ ಇದ್ದು 1939ರಲ್ಲಿ ಊರಿಗೆ ಮರಳಿದರು. ಸ್ವತಂತ್ರ ಭಾರತದ ಮೊದಲ ಶಿಕ್ಷಣ ಮಂತ್ರಿ ಮೌಲಾನಾ ಆಝಾದ್ ಹುಟ್ಟಿದ್ದೇ ಮಕ್ಕಾದಲ್ಲಿ, 1888ರಲ್ಲಿ. ಕಡಲಾಚೆ ಇದ್ದವರು ಊರಿನ ಸ್ವಾತಂತ್ರ್ಯಕ್ಕೆ ಹೊರಗಿನವರಾಗಿರಲಿಲ್ಲ.

ಹಾಗಾದರೆ ಆ ಪ್ರತಿಜ್ಞೆಯಲ್ಲಿ ಏನಿತ್ತು? ನಾವು ಅದನ್ನು ಓದುವಾಗ ಮೊದಲ ವಾಕ್ಯದಲ್ಲೇ ನಿಂತುಬಿಟ್ಟೆವು. ಸ್ವಾತಂತ್ರ್ಯ ಭಾರತೀಯರ ಕಿತ್ತುಕೊಳ್ಳಲಾಗದ ಹಕ್ಕು ಎಂದು ಹೇಳಿದ ಬೆನ್ನಿಗೇ, ತಮ್ಮ ದುಡಿಮೆಯ ಫಲವನ್ನು ತಾವು ಅನುಭವಿಸುವುದೂ ಅಷ್ಟೇ ದೊಡ್ಡ ಹಕ್ಕು ಎಂದು ಅದು ಹೇಳುತ್ತದೆ. ಬಾವುಟದ ಮಾತು, ಯುದ್ಧದ ಮಾತು ಅಲ್ಲ. ದುಡಿಮೆಯ ಮಾತು ಮೊದಲು.

ಆಮೇಲೆ ಲೆಕ್ಕ ಬರುತ್ತದೆ. ಭಾರತೀಯನ ಸರಾಸರಿ ದಿನದ ಆದಾಯ ಏಳು ಪೈಸೆ. ಆಗ ರೂಪಾಯಿಗೆ 64 ಪೈಸೆ, ಅಂದರೆ ಎರಡಾಣೆಗೂ ಕಡಿಮೆ. ಕಟ್ಟುವ ತೆರಿಗೆಯಲ್ಲಿ ನೂರಕ್ಕೆ 20 ಪಾಲು ರೈತರ ಭೂಕಂದಾಯ, 3 ಪಾಲು ಉಪ್ಪಿನ ತೆರಿಗೆ. ನೂಲುವ ಕೈಕಸುಬು ಹಾಳಾಗಿ ಹಳ್ಳಿಯವರು ವರ್ಷದಲ್ಲಿ ನಾಲ್ಕು ತಿಂಗಳಾದರೂ ಕೆಲಸವಿಲ್ಲದೆ ಕೂರುವ ಸ್ಥಿತಿ. ಜನರ ಹಕ್ಕನ್ನು ಕಸಿಯುವ ಸರಕಾರವನ್ನು ಬದಲಿಸುವ, ಬೇಕಾದರೆ ತೆಗೆದೇ ಹಾಕುವ ಹಕ್ಕು ಜನರಿಗೆ ಇದೆ ಎಂದು ಪ್ರತಿಜ್ಞೆ ಹೇಳಿತು. ಆದರೆ ದಾರಿ ಹಿಂಸೆಯಲ್ಲ, ಅಸಹಕಾರ ಎಂದೂ ಸ್ಪಷ್ಟವಾಗಿ ಹೇಳಿತು.

ಈ ವಿಚಾರದ ಬೇರು ಹಳೆಯದು. 1776ರಲ್ಲಿ ಅಮೆರಿಕದ ಹದಿಮೂರು ವಸಾಹತುಗಳು ಇಂಗ್ಲೆಂಡಿನ ದೊರೆಯಿಂದ ಬೇರೆಯಾಗುವಾಗ ಇದನ್ನೇ ಹೇಳಿದ್ದವು: ಸರಕಾರದ ಅಧಿಕಾರ ಹುಟ್ಟುವುದು ಆಳಿಸಿಕೊಳ್ಳುವವರ ಒಪ್ಪಿಗೆಯಿಂದ, ಒಪ್ಪಿಗೆ ಮುರಿದರೆ ಬದಲಿಸಬಹುದು. ಆದರೆ ಎಲ್ಲರೂ ಸಮಾನರು ಎಂದು ಆ ಘೋಷಣೆ ಬರೆದ ಜೆಫರ್ಸನ್ ಮನೆಯಲ್ಲೇ ಗುಲಾಮರಿದ್ದರು. ಮಾತು ದೊಡ್ಡದಿತ್ತು, ದುಡಿಯುವವನಿಗೆ ಅದರಲ್ಲಿ ಜಾಗ ಇರಲಿಲ್ಲ. ನಮ್ಮವರ ಪ್ರತಿಜ್ಞೆ ಶುರುವಾಗಿದ್ದೇ ದುಡಿಯುವವನಿಂದ. ಅಮೆರಿಕದ ಘೋಷಣೆಗೆ ಸಹಿ ಹಾಕಿದವರು 56 ಪ್ರತಿನಿಧಿಗಳು. ನಮ್ಮದನ್ನು ಹೇಳಿದ್ದು ಬೀದಿಯಲ್ಲಿ, ಬಯಲಲ್ಲಿ ಸೇರಿದ ಸಾಮಾನ್ಯ ಜನ.

ಅದು ಬರೀ ಮಾತಾಗಿಯೂ ಉಳಿಯಲಿಲ್ಲ. ಎರಡೇ ತಿಂಗಳಲ್ಲಿ ದಂಡಿಯಾತ್ರೆ ಹೊರಟಿತು. ಏಪ್ರಿಲ್ 13ಕ್ಕೆ ನಮ್ಮ ಕರಾವಳಿಯ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಕಾನೂನು ಮುರಿದು ಉಪ್ಪು ಮಾಡಿದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಮುಂಬೈಯಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. ಮೀನಿಗೆ ಉಪ್ಪು ಹಾಕಿ ಒಣಗಿಸುವ ನಮ್ಮ ಕಡಲತಡಿಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾ? ಕಡಲು ಮನೆಯೆದುರೇ ಉಂಟು, ಆದರೆ ಉಪ್ಪು ಮಾಡಿದರೆ ಅಪರಾಧ!

ಈಗ ನಮ್ಮ ವಿಷಯಕ್ಕೆ ಬರೋಣ. ಸಂಬಳ ಬಾಕಿಯಾಗಿ ನಮ್ಮ ಹತ್ತಿರ ಬರುವ ಸಹೋದರರು ಹೇಳುವ ಮೊದಲ ಮಾತು ಏನು ಗೊತ್ತಾ? "ಸಂಬಳ ಹೋದ್ರೆ ಹೋಗ್ಲಿ, ಹೇಗಾದ್ರೂ ಊರಿಗೆ ಕಳಿಸಿಕೊಡಿ." ಆರು ತಿಂಗಳು ಬಿಸಿಲಿನಲ್ಲಿ ದುಡಿದ ದುಡ್ಡನ್ನು ಯಾರದೋ ದಾನ ಎಂಬಂತೆ ಬಿಟ್ಟುಕೊಡಲು ತಯಾರಾಗಿರುತ್ತಾರೆ. ಕಾಗದಪತ್ರ ಬರೆಯುವುದು ನಮಗೆ ಕಷ್ಟವಲ್ಲ. ಇದು ನಿನ್ನ ಹಕ್ಕು ಎಂದು ಒಪ್ಪಿಸುವುದೇ ಕಷ್ಟ. ಬೆವರು ಆರುವ ಮೊದಲೇ ಕೂಲಿ ಸಲ್ಲಬೇಕು ಎಂದು ಕೇಳುತ್ತಾ ಬೆಳೆದವರು ನಾವು. ಬೀಡಿ ಕಟ್ಟಿ ನಮ್ಮನ್ನು ಓದಿಸಿದ ಉಮ್ಮಂದಿರ ಮಕ್ಕಳು ನಾವು. ಈ ದೇಶದ ಕಾನೂನನ್ನು ಗೌರವಿಸಿ, ಇಲ್ಲಿನ ಕಾರ್ಮಿಕ ಕಚೇರಿಯ ಬಾಗಿಲಲ್ಲಿ ಇಕಾಮ, ಕರಾರು ಪತ್ರ ಹಿಡಿದು ನಿಲ್ಲುವುದು ಜಗಳವಲ್ಲ. ಅದು ಕಾನೂನೇ ತೋರಿಸಿರುವ ದಾರಿ.

ಇನ್ನೊಂದು ಹಕ್ಕು ಊರಲ್ಲಿ ಉಂಟು. 1930ರ ಪ್ರತಿಜ್ಞೆ 1950ರಲ್ಲಿ ಕಾನೂನಾಯಿತು: 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು, 326ನೇ ವಿಧಿ ಎಲ್ಲ ವಯಸ್ಕರಿಗೂ ಮತ ಕೊಟ್ಟಿತು. ಜನರ ಒಪ್ಪಿಗೆ ಎಂಬ ದೊಡ್ಡ ವಿಚಾರ ಕೊನೆಗೆ ಬಂದು ನಿಲ್ಲುವುದು ಮತದಾರರ ಪಟ್ಟಿಯ ಒಂದು ಸಾಲಿನಲ್ಲಿ. 2010ರ ತಿದ್ದುಪಡಿಯ ನಂತರ, ಬೇರೆ ದೇಶದ ಪೌರತ್ವ ಪಡೆಯದ ಅನಿವಾಸಿಗಳು ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದಲ್ಲಿ ಫಾರಂ 6ಎ ತುಂಬಿ ಹೆಸರು ಸೇರಿಸಬಹುದು. ಮತ ಹಾಕಲು ಮಾತ್ರ ಊರಿನ ಬೂತಿಗೇ ಹೋಗಬೇಕು. ಟಿಕೆಟಿನ ಖರ್ಚು, ರಜೆಯ ತಾಪತ್ರಯ ನಮಗೂ ಗೊತ್ತು. ಆದರೆ ಹೆಸರೇ ಇಲ್ಲದಿದ್ದರೆ ಚುನಾವಣೆಗೆ ಸರಿಯಾಗಿ ರಜೆ ಸಿಕ್ಕಿದರೂ ಪ್ರಯೋಜನವಿಲ್ಲ.

ಆದ್ದರಿಂದ ಇವತ್ತು ರಾತ್ರಿ ಮನೆಗೆ ಫೋನ್ ಮಾಡುವಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಕೇಳಿ: ಪಟ್ಟಿಯಲ್ಲಿ ನಮ್ಮೆಲ್ಲರ ಹೆಸರು ಉಂಟಾ? ಉಮ್ಮನದು, ಹೆಂಡತಿಯದು, 18 ತುಂಬಿದ ಮಗಳದು? ಫಾರಂ ತುಂಬಲು ಬರದವರು ನಮ್ಮ ಹತ್ತಿರ ಬನ್ನಿ, ಕೂತು ತುಂಬಿಸೋಣ.

ಪ್ರಶ್ನೆ ಕೇಳಿದ ಮಗುವೇ, ಎಲ್ಲಿದ್ದೀಯಾ? ಎದ್ದು ನಿಲ್ಲು. ಆಗಸ್ಟ್ 15ಕ್ಕೆ ಅವರು ಹೊರಟುಹೋದರು. ಜನವರಿ 26ಕ್ಕೆ, ಅದಕ್ಕೂ ಎಷ್ಟೋ ಮೊದಲು, ನಮ್ಮವರು ಬೇಡುವುದನ್ನು ನಿಲ್ಲಿಸಿದ್ದರು. ಅದಕ್ಕೇ ಎರಡು ದಿನ.