ಚಿಕ್ಕೋಡಿ ಎಂದರೆ ಎಷ್ಟು ಬೈಟ್?

ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಂದ ಬೆಳಗಿನ ಬಸ್ಸು ಹಿಡಿದು ಬಂದಿರುವ ವಿದ್ಯಾರ್ಥಿಗಳೇ,

ನಾವು ಕೂತಿರುವ ಈ ಊರಿನ ಹೆಸರು ಎಷ್ಟು ಉದ್ದ? ಚಿ, ಕ್ಕೋ, ಡಿ: ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಎಂಟು ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಹಾಗಾಗಿ 24 ಬೈಟ್. ಈ ಮೂರು ಉತ್ತರಗಳಲ್ಲಿ ಎಲ್ಲಿ ಯಾವುದನ್ನು ಬರೆಯಬೇಕು ಎಂಬುದೇ ಇಂದಿನ ವಿಚಾರ ಸಂಕಿರಣದ ತಿರುಳು.

2001ರಲ್ಲಿ ಬ್ರಾಮ್ ಕೋಹೆನ್ ಎಂಬವರು ಕಡತಗಳನ್ನು ಹಲವು ಯಂತ್ರಗಳ ನಡುವೆ ಹಂಚುವ ಬಿಟ್‌ಟೊರೆಂಟ್ ರೂಪಿಸಿದಾಗ ಅದರ ಮಾಹಿತಿಗೊಂದು ಪುಟ್ಟ ಬರವಣಿಗೆಯ ಕ್ರಮ ಬಂತು: ಬಿಎನ್‌ಕೋಡ್. ಅದರಲ್ಲಿ ನಾಲ್ಕೇ ಬಗೆ: ಪೂರ್ಣಾಂಕ, ಬೈಟ್ ಸರಣಿ, ಪಟ್ಟಿ, ನಿಘಂಟು. ಪೂರ್ಣಾಂಕಕ್ಕೆ ಇಂಗ್ಲಿಷಿನ ಐ ಬರೆದು, ಅಂಕಿ ಬರೆದು, ಇ ಇಟ್ಟು ಮುಗಿಸುವುದು. ಪಟ್ಟಿ ಎಲ್‌ನಿಂದ, ನಿಘಂಟು ಡಿಯಿಂದ ಶುರು. ಕೊನೆಗೆ ಅದೇ ಇ. ಬೈಟ್ ಸರಣಿಗೆ ಮಾತ್ರ ಮುಕ್ತಾಯದ ಗುರುತಿಲ್ಲ. ಮೊದಲೇ ಲೆಕ್ಕ ಹೇಳಿ, ಎರಡು ಚುಕ್ಕೆ ಇಟ್ಟು, ಆಮೇಲೆ ಮಾಲು ಇಳಿಸುವುದು. ನಿಪ್ಪಾಣಿಯ ಬೀಡಿ ಕಟ್ಟುವ ಮನೆಗಳಲ್ಲಿ ಬೆಳೆದವರಿಗೆ ಈ ಶಿಸ್ತು ಹೊಸದಲ್ಲ. ಕಟ್ಟಿಗೆ 25 ಎಂದರೆ 25. ಒಂದು ತಪ್ಪಿದರೆ ಸಾವಿರದ ಲೆಕ್ಕವೇ ತಪ್ಪುತ್ತದೆ.

ಈ ಕ್ರಮವನ್ನು ಬರೆದು ಓದುವ ಲೈಬ್ರರಿ ರಚಿಸುವವರು ಪೈಥಾನ್‌ನಲ್ಲಿ ‘ಚಿಕ್ಕೋಡಿ’ಯ ಉದ್ದ ಕೇಳಿ, ಬಂದ 8ನ್ನೇ ಮುಂದಿಟ್ಟರು ಎನ್ನಿ. ಓದುವ ಯಂತ್ರ ಎಂಟು ಬೈಟ್ ಎತ್ತಿಕೊಳ್ಳುತ್ತದೆ. ‘ಚಿ’ ಪೂರ್ತಿ ಸಿಗುತ್ತದೆ. ‘ಕ’ದ ಮೂರನೆಯ ಬೈಟ್ ಹೊರಗೇ ಉಳಿಯುತ್ತದೆ. ಆ ಉಳಿದ ಬೈಟ್ ಅಂಕಿಯೂ ಅಲ್ಲ, ಐ, ಎಲ್, ಡಿ, ಇಗಳಲ್ಲಿ ಒಂದೂ ಅಲ್ಲ. ಅಲ್ಲಿಂದ ಮುಂದೆ ಇಡೀ ಕಡತ ಓದಲು ಬಾರದು. ಇಂಗ್ಲಿಷ್ ಹೆಸರುಗಳಿಂದಷ್ಟೇ ಪರೀಕ್ಷಿಸಿದವರಿಗೆ ಈ ತಪ್ಪು ಎಂದಿಗೂ ಕಾಣದು. ಅಥಣಿಯನ್ನು ಇಂಗ್ಲಿಷಿನಲ್ಲಿ ಬರೆದರೆ ಅಕ್ಷರವೂ ಆರು, ಬೈಟೂ ಆರು.

ಹಾಗೆಂದು ಎಲ್ಲ ಸರಣಿಯನ್ನೂ ಪಠ್ಯವೆಂದು ತಿಳಿಯಬಾರದು. ಮೊದಲ ಆವೃತ್ತಿಯ ಟೊರೆಂಟ್ ಕಡತದಲ್ಲಿ, ಹಂಚುವ ಮಾಹಿತಿಯ ಪ್ರತಿ ತುಣುಕಿಗೆ 20 ಬೈಟ್‌ನಂತೆ ಎಸ್‌ಎಚ್‌ಎ-1 ಮುದ್ರೆಗಳು ಸಾಲಾಗಿರುತ್ತವೆ. ಅವು ಯಾವ ಭಾಷೆಯೂ ಅಲ್ಲ. ಬಂದ ಬೈಟುಗಳನ್ನು ಬಂದ ಹಾಗೇ ಕೈಗಿಡುವುದು ಲೈಬ್ರರಿಯ ಧರ್ಮ.

ಇನ್ನೊಂದು ಸೂಕ್ಷ್ಮವಿದೆ, ನನ್ನನ್ನು ಬಹಳ ಕಾಡಿದ್ದು. ‘ಕ್ಕೋ’ದ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿಸಿ ಮೂರಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಬೈಟ್ ಮಾತ್ರ 24 ಇದ್ದದ್ದು 30 ಆಗುತ್ತದೆ. ಟೊರೆಂಟಿನ ಗುರುತು ಹುಟ್ಟುವುದೇ ಈ ಬೈಟುಗಳಿಂದ. ಹೀಗಾಗಿ ಒಂದೇ ಪುಸ್ತಕ ಹಂಚುವವರು ಎರಡು ಗುಂಪಾಗಿ, ಒಬ್ಬರಿಗೊಬ್ಬರು ಕಾಣದೆ ಉಳಿಯುತ್ತಾರೆ. ಲೈಬ್ರರಿಯೇ ಇದನ್ನು ತಿದ್ದಬೇಕೆ? ಕೂಡದು. ಕಡತಕ್ಕೆ ಹೆಸರಿಡುವವರು ಮೊದಲೇ ಒಂದು ರೂಪಕ್ಕೆ ಒಗ್ಗಿಸಿಕೊಳ್ಳಬೇಕು.

ನಿಘಂಟಿನ ಕೀಲಿಗಳ ಕ್ರಮವೂ ಬೈಟಿನದೇ. ಬಿಟ್‌ಟೊರೆಂಟಿನ ಎರಡನೆಯ ಆವೃತ್ತಿಯಲ್ಲಿ ಕಡತಗಳ ಹೆಸರುಗಳೇ ಕೀಲಿಗಳು. ನಮ್ಮ ಗಡಿಭಾಗದ ಕಪಾಟಿನಲ್ಲಿ ಕನ್ನಡ, ಮರಾಠಿ ಹೆಸರುಗಳು ಒಟ್ಟಿಗೇ ಇರುತ್ತವೆ. ಬೈಟ್ ಕ್ರಮದಲ್ಲಿ ದೇವನಾಗರಿ ಮೊದಲು, ಕನ್ನಡ ನಂತರ. ಯಾರ ಭಾಷೆ ಯಾವುದಾದರೂ ಆ ಕ್ರಮ ಬದಲಿಸಿದರೆ ಗುರುತು ಕೆಡುತ್ತದೆ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಈ ಭಾಗದ ಊರುಗಳಿಗೆ ನುಗ್ಗಿದ್ದನ್ನು ನೀವೆಲ್ಲ ಕಂಡಿದ್ದೀರಿ. ಇಷ್ಟೆಲ್ಲ ಎಚ್ಚರಿಕೆ ಏಕೆಂಬುದಕ್ಕೆ ಉತ್ತರ ಅಲ್ಲಿದೆ. ಒಂದೇ ಕಡೆ ಇಟ್ಟ ಕಾಗದಕ್ಕೆ ಒಂದು ರಾತ್ರಿಯ ನೀರು ಸಾಕು. ಇಂಟರ್ನೆಟ್ ಆರ್ಕೈವ್ 2012ರಿಂದ ತನ್ನ ಸಂಗ್ರಹವನ್ನು ಟೊರೆಂಟ್ ಮೂಲಕವೂ ಕೊಡುತ್ತಿದೆ. ಅಲ್ಲಿ ಸಾವಿರಾರು ಕನ್ನಡ ಪುಸ್ತಕಗಳಿವೆ. ಒಂದು ಪ್ರತಿ ಹತ್ತು ಊರುಗಳಲ್ಲಿ ಉಳಿಯಬೇಕಾದರೆ, ಅದರ ಹೆಸರನ್ನೂ ಗುರುತನ್ನೂ ಹತ್ತೂ ಯಂತ್ರಗಳು ಒಂದೇ ರೀತಿ ಓದಬೇಕು. ಆ ಕೆಲಸ ಕೆಲವೇ ನೂರು ಸಾಲುಗಳ ಒಂದು ಲೈಬ್ರರಿಯ ಮೇಲೆ ನಿಂತಿದೆ.

ಮಧ್ಯಾಹ್ನದ ಪ್ರಾಯೋಗಿಕ ಗೋಷ್ಠಿಯಲ್ಲಿ ನೀವೇ ಅದನ್ನು ಬರೆಯಲಿದ್ದೀರಿ. ಮೊದಲ ಪರೀಕ್ಷೆಗೆ ನಿಮ್ಮ ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲೇ ಕೊಡಿ. ಅಥಣಿಯವರಿಗೆ 12, ರಾಯಬಾಗ, ಕಾಗವಾಡದವರಿಗೆ 18, ನಿಪ್ಪಾಣಿ, ಚಿಕ್ಕೋಡಿಯವರಿಗೆ 24 ಬರಬೇಕು. ಬರದಿದ್ದರೆ ಅಲ್ಲಿಂದಲೇ ಕೆಲಸ ಶುರುಮಾಡಿ.